ಕೌನ್ಸಿಲರ್ ಮೇಡಂ, ಈ ಟಾಯ್ಲೆಟ್ ಕ್ಯಾಸೆಟ್ ಎಲ್ಲಿ ಖಾಲಿ ಮಾಡಲಿ?

ಮಾನ್ಯ ಕೌನ್ಸಿಲರ್ ಮೇಡಂ ಅವರಿಗೆ ನಮಸ್ಕಾರ.

ನಿಮಗೆ ನನ್ನ ಮುಖ ನೆನಪಿರಬಹುದು. ಎರಡು ವರ್ಷದ ಹಿಂದೆ ಇಂಗ್ಲೆಂಡಿನ ಈ ಭಾಗದ ಕನ್ನಡದವರೆಲ್ಲ ಸೇರಿ ಮಾಡಿದ ಯುಗಾದಿ ಊಟದಲ್ಲಿ ನೀವು ನಮ್ಮ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದಿರಿ. ಊಟ ಮುಗಿದು ಕೈ ತೊಳೆಯುವಾಗ ನಾನು ಈ ವಿಷಯ ಎತ್ತಿದೆ. ಮೋಟರ್‌ಹೋಮಿನ, ಅಂದರೆ ಒಳಗೇ ಮಲಗೋಕೆ, ಅಡುಗೆ ಮಾಡೋಕೆ ಜಾಗ ಇರುವ ಗಾಡಿಯ, ಟಾಯ್ಲೆಟ್ ಖಾಲಿ ಮಾಡೋಕೆ ನಮ್ಮ ಡಿಸ್ಟ್ರಿಕ್ಟಿನಲ್ಲಿ ಸಾರ್ವಜನಿಕರಿಗೆ ಅಂತ ಒಂದೇ ಒಂದು ಜಾಗ ಇಲ್ಲ ಅಂದೆ. ನೀವು ಕೇಳಿಸಿಕೊಂಡಿರಿ. "ಮೇಲ್ ಮಾಡಿ, ನೋಡೋಣ" ಅಂದಿರಿ.

ಮೇಲ್ ಮಾಡಿದೆ. ನಾಲ್ಕು ಸಲ ಮಾಡಿದೆ. ಮೂರಕ್ಕೆ "ನಿಮ್ಮ ಸಂದೇಶ ತಲುಪಿದೆ" ಅಂತ ಕಂಪ್ಯೂಟರ್ ಉತ್ತರ ಕೊಟ್ಟಿತು. ನಾಲ್ಕನೆಯದಕ್ಕೆ ಅದೂ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆದು ಸಾಕಾಯಿತು. ಈಗ ನಿಮಗೂ ನನಗೂ ಮನೆಮಾತಾದ ಕನ್ನಡದಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ರಜೆಯಲ್ಲಿ ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಇಂಗ್ಲೆಂಡಿನ ಹಳ್ಳಿಗಾಡು ನೋಡೋಕೆ ಹೊರಡುವ ನಮ್ಮ ಜನ ಈಗ ಜಾಸ್ತಿಯಾಗಿದ್ದಾರೆ. ಅವರಿಗೂ ಇದು ಗೊತ್ತಿರಲಿ.

ನನ್ನ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಊರಿನ ದೊಡ್ಡ ಕಾರ್ ಪಾರ್ಕಿನಲ್ಲಿ ಸಾರ್ವಜನಿಕ ಶೌಚಾಲಯ ಇದೆಯಲ್ಲ, ಅದರ ಹಿಂದಿನ ಗೋಡೆಗೆ ಹೊಂದಿಸಿ ಒಂದು ಎಲ್ಸಾನ್ ಪಾಯಿಂಟ್, ಅಂದರೆ ಗಾಡಿಯ ಟಾಯ್ಲೆಟ್ ಖಾಲಿ ಮಾಡುವ ಜಾಗ, ಮಾಡಿಕೊಡಿ. ನೀರಿನ ಪೈಪ್ ಅಲ್ಲಿಗೆ ಬಂದಿದೆ. ಒಳಚರಂಡಿ ಅಲ್ಲಿದೆ. ಜಾಗ ಕೌನ್ಸಿಲ್‌ನದೇ. ಬೇಕಿರುವುದು ಅಗಲವಾದ ಒಂದು ಬೋಗುಣಿ, ತೊಳೆಯೋಕೆ ಒಂದು ನಲ್ಲಿ, ಕುಡಿಯುವ ನೀರಿಗೆ ದೂರದಲ್ಲಿ ಇನ್ನೊಂದು ನಲ್ಲಿ, ಪಾತ್ರೆ ತೊಳೆದ ನೀರು ಬಿಡೋಕೆ ನೆಲದಲ್ಲಿ ಒಂದು ಜಾಲರಿ. ಇಷ್ಟೇ.

ಮೋಟರ್‌ಹೋಮ್ ಬಳಸದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಗಾಡಿಯ ಟಾಯ್ಲೆಟ್ಟಿನ ಕೆಳಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ಕ್ಯಾಸೆಟ್ ಅಂತಾರೆ. ಹಿಡಿಯೋದು 17ರಿಂದ 20 ಲೀಟರ್. ಗಾಡಿಯ ಹೊರಗಿನ ಪುಟ್ಟ ಬಾಗಿಲು ತೆಗೆದು ಅದನ್ನು ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಿ ಖಾಲಿ ಮಾಡಬೇಕು. ಮೂರು ಜನ ಇದ್ದರೆ ಎರಡು ದಿನಕ್ಕೆ ತುಂಬುತ್ತದೆ. ವಾಸನೆ ಬರದಿರಲಿ, ಒಳಗಿನದು ಕರಗಲಿ ಅಂತ ಅದಕ್ಕೆ ನೀಲಿ ದ್ರವ ಹಾಕುತ್ತಾರೆ. ಹಳೆಯ ನೀಲಿ ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಸೆಪ್ಟಿಕ್ ಟ್ಯಾಂಕಿನಲ್ಲಿ ಹೊಲಸು ಕರಗಿಸುವ ಬ್ಯಾಕ್ಟೀರಿಯಾಗಳನ್ನೇ ಅದು ಸಾಯಿಸುತ್ತದೆ. ಅದಕ್ಕೇ ನಾವು ವರ್ಷಗಳ ಹಿಂದೆಯೇ ಹಸಿರು ದ್ರವಕ್ಕೆ ಬದಲಾದೆವು. ಹಾಗಂತ ಇದನ್ನು ಎಲ್ಲೆಂದರಲ್ಲಿ ಸುರಿಯೋಕಾಗುತ್ತಾ? ರಸ್ತೆ ಪಕ್ಕದ ಮೋರಿಗೆ ಸುರಿದರೆ ಎಷ್ಟೋ ಕಡೆ ಅದು ನೇರ ಹಳ್ಳಕ್ಕೇ ಹೋಗುತ್ತದೆ. ಆ ಮೋರಿ ಮಳೆನೀರಿಗೆ ಮಾಡಿದ್ದು. ಹಾಗಾಗಿ ಇದಕ್ಕೆ ಬೇರೆ ಜಾಗ ಬೇಕು. ಎಲ್ಸಾನ್ ಅನ್ನುವುದು ಈ ದ್ರವ ಮಾಡುವ ಕಂಪನಿಯ ಹೆಸರು. ಈ ದೇಶದಲ್ಲಿ ಜನ ಖಾಲಿ ಮಾಡುವ ಜಾಗಕ್ಕೇ ಆ ಹೆಸರಿಟ್ಟುಬಿಟ್ಟಿದ್ದಾರೆ. ನಿಮಗೆ ಇದೆಲ್ಲ ಗೊತ್ತೇ ಇದೆ. ಕಾರ್ ಪಾರ್ಕು, ಶೌಚಾಲಯದ ಖಾತೆ ನಿಮ್ಮದೇ ಅಲ್ವಾ?

ಈಗ ಕಳೆದ ಆಗಸ್ಟಿನ ಬ್ಯಾಂಕ್ ಹಾಲಿಡೇ ಭಾನುವಾರದ ಕಥೆ ಕೇಳಿ.

ಊರಿಂದ ಅಮ್ಮ ಬಂದಿದ್ದರು. ಅವರಿಗೆ 74 ವರ್ಷ. ಸಕ್ಕರೆ ಕಾಯಿಲೆ ಇದೆ. ಗಂಟೆಗೊಮ್ಮೆ ಒಂದಕ್ಕೆ ಹೋಗಬೇಕು. ನಾವು ಮೋಟರ್‌ಹೋಮ್ ತೆಗೆದುಕೊಂಡಿದ್ದೇ ಅದಕ್ಕೆ. ಹಳ್ಳಿಗಳ ಕಡೆ ಶೌಚಾಲಯ ಒಂದೊಂದಾಗಿ ಮುಚ್ಚಿವೆ. ಉಳಿದವು ಸಂಜೆ ಐದಕ್ಕೆಲ್ಲ ಬೀಗ. ಗಾಡಿಯಲ್ಲೇ ಟಾಯ್ಲೆಟ್ ಇದ್ದರೆ ಅಮ್ಮ ನೆಮ್ಮದಿಯಾಗಿ ಕಿಟಕಿ ಪಕ್ಕ ಕೂತು ಕುರಿ, ಕಲ್ಲಿನ ಗೋಡೆ, ಗುಡ್ಡ ನೋಡಬಹುದು. ಶುಕ್ರವಾರ ಹೊರಟೆವು. ಆ ಎರಡು ದಿನ ಅಮ್ಮ ಎಷ್ಟು ಖುಷಿಯಾಗಿದ್ದರು ಅಂದರೆ, ಗಾಡಿಯ ಪುಟ್ಟ ಒಲೆಯ ಮೇಲೆ ತಾವೇ ಉಪ್ಪಿಟ್ಟು ಮಾಡಿ ಪಕ್ಕದ ವ್ಯಾನಿನ ದಂಪತಿಗೂ ಕೊಟ್ಟು ಬಂದರು.

ಭಾನುವಾರ ಬೆಳಿಗ್ಗೆ ಕ್ಯಾಸೆಟ್ಟಿನ ಕೆಂಪು ದೀಪ ಹತ್ತಿತು. ತುಂಬಿದೆ ಅಂತ ಅರ್ಥ.

ಹತ್ತಿರದ ಕ್ಯಾಂಪ್‌ಸೈಟಿಗೆ ಹೋದೆವು. ರಜೆಯ ವಾರಾಂತ್ಯ, ಸೈಟ್ ತುಂಬಿದೆ ಅಂದರು. ನಮಗೆ ಉಳಿಯೋಕೆ ಜಾಗ ಬೇಡ, ಕ್ಯಾಸೆಟ್ ಮಾತ್ರ ಖಾಲಿ ಮಾಡಿಕೊಂಡು ಹೋಗ್ತೀವಿ, ಎಷ್ಟು ಬೇಕಾದರೂ ದುಡ್ಡು ತಗೊಳ್ಳಿ ಅಂದೆ. ಉಳಿದವರಿಗೆ ಮಾತ್ರ ಅಂದರು. ಇನ್ನೊಂದು ಸೈಟು. ಅಲ್ಲೂ ಅದೇ ಉತ್ತರ. ಮೂರನೆಯದರಲ್ಲಿ ಕಚೇರಿ ಮುಚ್ಚಿತ್ತು. ಅವರ ಮೇಲೆ ನನಗೆ ಕೋಪ ಇಲ್ಲ. ಅವರ ಟ್ಯಾಂಕು, ಅವರ ಖರ್ಚು. ಇದು ಸಾರ್ವಜನಿಕ ಕೆಲಸ, ಖಾಸಗಿಯವರು ಮಾಡಲಿ ಅಂತ ಕೂತರೆ ಆಗುವುದಿಲ್ಲ.

ಕೌನ್ಸಿಲ್ಲಿನ ರಜಾದಿನದ ನಂಬರಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಕಾದ ಮೇಲೆ ಒಬ್ಬರು ಸಿಕ್ಕರು. ಪಾಪ, ಅವರಿಗೆ ಎಲ್ಸಾನ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ವಿವರಿಸಿದೆ. "ಯಾವುದಾದರೂ ಸಾರ್ವಜನಿಕ ಶೌಚಾಲಯದಲ್ಲಿ ಸುರಿಯಿರಿ" ಅಂದರು.

ಸರಿ ಅಂತ ಕಾರ್ ಪಾರ್ಕಿನ ಶೌಚಾಲಯಕ್ಕೆ ಹೋದೆ. ಮೊದಲು, ಗಾಡಿ ಒಳಗೆ ಹೋಗಲಿಲ್ಲ. ಎರಡು ಮೀಟರ್ ಚಿಲ್ಲರೆ ಎತ್ತರದಲ್ಲಿ ಅಡ್ಡಗಂಬಿ ಹಾಕಿದ್ದೀರಿ. ನಮ್ಮ ಗಾಡಿ ಮೂರು ಮೀಟರ್ ಹತ್ತಿರ ಇದೆ. ಮುಂದಿನ ರಸ್ತೆಯಲ್ಲಿ ನಿಲ್ಲಿಸಿ, ತುಂಬಿದ ಕ್ಯಾಸೆಟ್ ಎಳೆದುಕೊಂಡು, ಐಸ್‌ಕ್ರೀಂ ತಿನ್ನುತ್ತಿದ್ದ ಜನರ ಮಧ್ಯೆ ನಡೆದುಕೊಂಡು ಹೋದೆ. ಬಾಗಿಲ ಮೇಲೆ ಬೋರ್ಡ್ ಇತ್ತು: ಇಲ್ಲಿ ಕೆಮಿಕಲ್ ಟಾಯ್ಲೆಟ್ ಖಾಲಿ ಮಾಡಬಾರದು. ಬೋರ್ಡಿನ ಮೂಲೆಯಲ್ಲಿ ನಿಮ್ಮ ಕೌನ್ಸಿಲ್ಲಿನ ಮುದ್ರೆ. ಮೇಡಂ, ಫೋನಿನಲ್ಲಿ ಇರುವವರೂ ನಿಮ್ಮವರು, ಬೋರ್ಡ್ ಹಾಕಿದವರೂ ನಿಮ್ಮವರು. ನಾನು ಯಾರ ಮಾತು ಕೇಳಲಿ? ಆ ಬೋರ್ಡ್ ತಪ್ಪು ಅಂತ ನಾನು ಹೇಳಲ್ಲ. ಸಣ್ಣ ಕಮೋಡಿಗೆ 20 ಲೀಟರ್ ಸುರಿದರೆ ಸುತ್ತ ಚಿಮ್ಮುತ್ತದೆ, ಆಮೇಲೆ ಬರುವ ಮಗು ಅಲ್ಲೇ ಕೂರಬೇಕು. ಇಲ್ಲಿ ಬೇಡ ಅನ್ನುವುದು ಸರಿ. ಹಾಗಾದರೆ ಎಲ್ಲಿ ಅಂತಲೂ ಹೇಳಬೇಕಲ್ವಾ? ಬೇಡ ಅನ್ನುವ ಬೋರ್ಡುಗಳು ನಿಮ್ಮ ಡಿಸ್ಟ್ರಿಕ್ಟಿನಲ್ಲಿ ನನಗೆ ಐದು ಕಡೆ ಕಂಡಿವೆ. ಇಲ್ಲಿ ಮಾಡಿ ಅನ್ನುವ ಬೋರ್ಡ್ ಒಂದೂ ಕಂಡಿಲ್ಲ.

ಕ್ಯಾಸೆಟ್ ವಾಪಸ್ ಎಳೆದುಕೊಂಡು ಬಂದೆ. ಬಿಸಿಲು. ಗಾಡಿಯೊಳಗೆ ಹೆಂಡತಿ ಅಮ್ಮನಿಗೆ ಮಾತ್ರೆ ಕೊಡುತ್ತಿದ್ದಳು. ಅಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡು, ಸ್ಟೀಲ್ ಲೋಟದಲ್ಲಿ ಒಂದೇ ಗುಟುಕು ನೀರು ಕುಡಿದು, ಲೋಟ ಕೆಳಗಿಟ್ಟರು. "ಇನ್ನೊಂಚೂರು ಕುಡಿಯಮ್ಮ" ಅಂದೆ. "ಬೇಡ ಕಣೋ, ಆಮೇಲೆ ಎಲ್ಲಿ ಹೋಗೋದು?" ಅಂದರು. ಲೋಟದ ಮೇಲೆ ತಟ್ಟೆ ಮುಚ್ಚಿ ಪಕ್ಕಕ್ಕೆ ಸರಿಸಿದರು.

ಆ ಲೋಟ ನನ್ನ ಕಣ್ಣಿಂದ ಹೋಗಿಲ್ಲ. ಬಸ್ಸಿನಲ್ಲಿ ಊರಿಂದ ಊರಿಗೆ ಹೋಗುವಾಗ ಬೆಳಗಿನಿಂದ ನೀರು ಮುಟ್ಟದೆ ಕೂರುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಮ್ಮನೂ ಹಾಗೇ ಕೂರುತ್ತಿದ್ದರು. ಆ ಕಷ್ಟ ಇಲ್ಲಾದರೂ ತಪ್ಪಲಿ ಅಂತ ಸಾಲ ಮಾಡಿ ಗಾಡಿ ತೆಗೆದುಕೊಂಡೆ. ಟಾಯ್ಲೆಟ್ ಇರುವ ಗಾಡಿಯಲ್ಲೇ ಕೂತು ಅಮ್ಮ ಬಾಯಾರಿಕೆ ತಡೆದುಕೊಂಡರು.

ಕೊನೆಗೆ 38 ಮೈಲಿ ದೂರ, ಪಕ್ಕದ ಕೌಂಟಿಯಲ್ಲಿ ಒಂದು ಹೊಲದ ಮನೆ ಸಿಕ್ಕಿತು. ಐದೇ ಗಾಡಿ ನಿಲ್ಲಿಸುವ ಪುಟ್ಟ ಸೈಟ್. 1960ರ ಕ್ಯಾರವಾನ್ ಕಾನೂನಿನ ವಿನಾಯಿತಿಯಲ್ಲಿ ಕ್ಯಾರವಾನ್ ಕ್ಲಬ್ಬುಗಳ ಮೂಲಕ ಹಳ್ಳಿಗಳಲ್ಲಿ ನಡೆಯುತ್ತವಲ್ಲ, ಅಂಥದ್ದು. ಆ ರೈತ ಐದು ಪೌಂಡ್ ಕೇಳಿದ. ಸಂತೋಷವಾಗಿ ಕೊಟ್ಟೆ. ಹತ್ತು ಕೇಳಿದ್ದರೂ ಕೊಡುತ್ತಿದ್ದೆ. ಕೆಲಸ ಮುಗಿಯೋಕೆ ನಾಲ್ಕು ನಿಮಿಷ ಹಿಡಿಯಿತು. ನಾಲ್ಕು ನಿಮಿಷದ ಕೆಲಸಕ್ಕೆ ಅರ್ಧ ದಿನ ಅಲೆದೆವು.

ಇನ್ನು ಕಚೇರಿಗಳ ಸುತ್ತಾಟ. ಡಿಸ್ಟ್ರಿಕ್ಟಿಗಿಂತ ದೊಡ್ಡದಾದ ಕೌಂಟಿಯ ಕೌನ್ಸಿಲ್ಲಿನವರನ್ನು ಕೇಳಿದರೆ ಶೌಚಾಲಯ ಡಿಸ್ಟ್ರಿಕ್ಟ್‌ನದು ಅಂತಾರೆ. ಡಿಸ್ಟ್ರಿಕ್ಟಿನವರು ಒಳಚರಂಡಿ ನೀರಿನ ಕಂಪನಿಯದು ಅಂತಾರೆ. ಕಂಪನಿಯವರು ಜಾಗದ ಮಾಲೀಕರು ಅರ್ಜಿ ಹಾಕಲಿ ಅಂತಾರೆ. ಜಾಗದ ಮಾಲೀಕರು ಯಾರು? ನೀವು. ಸುತ್ತಿ ಸುತ್ತಿ ನಿಮ್ಮ ಬಾಗಿಲಿಗೇ ಬಂದು ನಿಂತಿದ್ದೇನೆ.

1936ರ ಪಬ್ಲಿಕ್ ಹೆಲ್ತ್ ಕಾನೂನಿನಲ್ಲಿ ಶೌಚಾಲಯ ಕಟ್ಟುವ ಅಧಿಕಾರ ಕೌನ್ಸಿಲ್‌ಗೆ ಇದೆ, ಕಟ್ಟಲೇಬೇಕು ಅಂತ ಇಲ್ಲ. ಇದು ನನಗೂ ಗೊತ್ತು. ಕಟ್ಟಲೇಬೇಕಿಲ್ಲ ಅನ್ನುವ ಮಾತನ್ನು ಅಡ್ಡ ಇಟ್ಟುಕೊಂಡು ಎಷ್ಟು ವರ್ಷ ಕೂರುತ್ತೀರಿ? ದುಡ್ಡಿಲ್ಲ ಅಂತೀರಿ. 2021ರಲ್ಲಿ ಬಂದ ಕಾನೂನಿನಿಂದ, ಮುಖ್ಯವಾಗಿ ಸಾರ್ವಜನಿಕ ಶೌಚಾಲಯವಾಗಿಯೇ ಇರುವ ಕಟ್ಟಡಗಳಿಗೆ ಬಿಸಿನೆಸ್ ರೇಟ್ಸ್ ಅನ್ನುವ ಕಟ್ಟಡ ತೆರಿಗೆ ಪೂರ್ತಿ ಮನ್ನಾ ಆಗಿದೆ. ಆ ಉಳಿತಾಯದಲ್ಲಿ ಸ್ವಲ್ಪ ಈ ಕಡೆ ತಿರುಗಿಸಿ. ಬಳಸುವವರ ಹತ್ತಿರ ದುಡ್ಡು ತೆಗೆದುಕೊಳ್ಳಿ. ನಾವು ಬಿಟ್ಟಿ ಕೇಳುತ್ತಿಲ್ಲ.

ಬೇರೆ ಕಡೆ ಇದು ಆಗಿದೆ. ಕ್ಯಾಂಟರ್ಬರಿಯ ನ್ಯೂ ಡೋವರ್ ರೋಡಿನ ಪಾರ್ಕ್ ಅಂಡ್ ರೈಡಿಗೆ ಹೋಗಿ ನೋಡಿ. ಮೋಟರ್‌ಹೋಮಿಗೆ ಅಂತ ಜಾಗ, ಕ್ಯಾಸೆಟ್ ಖಾಲಿ ಮಾಡುವ ವ್ಯವಸ್ಥೆ, ನೀರು, ಎಲ್ಲ ಇದೆ. ಜನ ಅಲ್ಲಿ ಗಾಡಿ ಬಿಟ್ಟು, ಬಸ್ಸಿನಲ್ಲಿ ಊರೊಳಗೆ ಹೋಗಿ ಖರ್ಚು ಮಾಡಿ ಬರುತ್ತಾರೆ. ಫ್ರಾನ್ಸಿನಲ್ಲಂತೂ ಸಣ್ಣ ಸಣ್ಣ ಊರಿನ ಕೌನ್ಸಿಲ್ಲುಗಳೂ ಏರ್ ಅಂತ ಮಾಡಿಟ್ಟಿವೆ. ಚರ್ಚಿನ ಹಿಂದೆ, ಆಟದ ಮೈದಾನದ ಪಕ್ಕ ಒಂದು ಕಂಬ, ಒಂದು ನಲ್ಲಿ, ನೆಲದಲ್ಲಿ ಜಾಲರಿ. ಒಂದೆರಡು ಯೂರೋ ಹಾಕಿದರೆ ನೀರು ಬರುತ್ತದೆ. ಎಷ್ಟೋ ಕಡೆ ಅದೂ ಬೇಡ. ಬೆಳಿಗ್ಗೆ ಖಾಲಿ ಮಾಡಿಕೊಂಡು, ಬೇಕರಿಯಲ್ಲಿ ಬ್ರೆಡ್ ಕೊಂಡು ಮುಂದಿನ ಊರಿಗೆ ಹೊರಡುತ್ತೇವೆ. ಸ್ಕಾಟ್ಲೆಂಡಿನಲ್ಲಿ ಹಳ್ಳಿಗಳ ಪ್ರವಾಸಿ ಸೌಲಭ್ಯಕ್ಕೆ ಅಂತ ಸರ್ಕಾರದ ನಿಧಿಯೇ ಇತ್ತು, ಅದರಲ್ಲಿ ಇಂಥ ಪಾಯಿಂಟುಗಳಿಗೂ ದುಡ್ಡು ಹೋಗಿದೆ. ಇಂಗ್ಲೆಂಡಿನಲ್ಲೇ ಕಾಲುವೆಗಳ ದಡದಲ್ಲಿ ದೋಣಿಯವರಿಗೆ ಎಲ್ಸಾನ್ ಪಾಯಿಂಟುಗಳಿವೆ. ಅವರ ಹತ್ತಿರ ಬೀಗದ ಕೈ ಇರುತ್ತದೆ, ತೆಗೆದು ಬಳಸುತ್ತಾರೆ. ನೀರಿನ ಮೇಲೆ ಹೋಗುವವರಿಗೆ ಸಾಧ್ಯವಾದದ್ದು ರಸ್ತೆಯ ಮೇಲೆ ಹೋಗುವವರಿಗೆ ಯಾಕೆ ಸಾಧ್ಯವಿಲ್ಲ?

ಪಾಯಿಂಟ್ ಮಾಡಿದರೆ ಗಾಡಿಗಳು ಬಂದು ಅಲ್ಲೇ ಠಿಕಾಣಿ ಹೂಡುತ್ತವೆ ಅನ್ನುವ ಭಯ ನಿಮ್ಮ ಸಭೆಗಳಲ್ಲಿ ಇದೆ ಅಂತ ಕೇಳಿದ್ದೇನೆ. ರಾತ್ರಿ ಉಳಿಯೋಕೆ ನಾನು ಜಾಗ ಕೇಳಿಲ್ಲ. ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬಾರದು ಅಂತ ಬೋರ್ಡ್ ಹಾಕಿ. ಪಾಲಿಸುತ್ತೇವೆ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತ ನಮ್ಮ ಕಡೆ ಗಾದೆ ಇದೆಯಲ್ಲ. ಗಾಡಿಗಳು ಬರುವುದಂತೂ ಬಂದೇ ಬರುತ್ತವೆ. ನೀವು ಚುನಾವಣೆಯ ಪತ್ರದಲ್ಲಿ ಪ್ರವಾಸಿಗರು ಬರಲಿ, ಊರಿನ ಅಂಗಡಿಗಳು ಉಳಿಯಲಿ ಅಂತ ಬರೆದಿದ್ದಿರಿ. ಬಂದವರು ತಿಂದಮೇಲೆ ಹೊರಗೂ ಹೋಗಬೇಕು, ಮೇಡಂ. ಜಾಗ ಕೊಡದೇ ಇದ್ದರೆ ಮರ್ಯಾದಸ್ಥರು ನಮ್ಮ ಹಾಗೆ 38 ಮೈಲಿ ಹೋಗುತ್ತಾರೆ. ಉಳಿದವರು ಕತ್ತಲಾದ ಮೇಲೆ ಬೇಲಿ ಮರೆಗೆ ಹೋಗುತ್ತಾರೆ. ಕಳೆದ ಅಕ್ಟೋಬರಿನಲ್ಲಿ ರಸ್ತೆ ಪಕ್ಕ ಗಾಡಿ ನಿಲ್ಲಿಸುವ ಒಂದು ಲೇ-ಬೈನಲ್ಲಿ ಹುಲ್ಲಿನ ಮೇಲೆ ಆ ನೀಲಿ ಬಣ್ಣ ನಾನೇ ನೋಡಿದ್ದೇನೆ. ಹತ್ತು ಹೆಜ್ಜೆ ಕೆಳಗೆ ತೊರೆ ಹರಿಯುತ್ತಿತ್ತು. ಹೊಟ್ಟೆ ಉರಿದುಹೋಯಿತು. ಸುರಿದವನ ತಪ್ಪು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಸುರಿಯೋಕೆ ಸರಿಯಾದ ಜಾಗ ಕೊಡದವರ ಪಾಲೂ ಅದರಲ್ಲಿ ಇದೆ.

ನಾನು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನು. ಕಾಮನ್‌ವೆಲ್ತ್ ದೇಶದವರು ಅಂತ ನಮಗೂ ಇಲ್ಲಿ ಮತದ ಹಕ್ಕಿದೆ. ಈ ದೇಶದಲ್ಲಿ ನಾನು ಹಾಕಿದ ಮೊದಲ ವೋಟು ನಿಮಗೆ. ನಮ್ಮವರು ಒಬ್ಬರು ಕೌನ್ಸಿಲ್ಲಿನಲ್ಲಿ ಕೂರುತ್ತಾರೆ, ನಮ್ಮ ಮಾತು ಕೇಳುತ್ತಾರೆ ಅಂತ ಹೆಮ್ಮೆಯಿಂದ ಹಾಕಿದೆ. ಅಮ್ಮನಿಗೂ ಫೋನ್ ಮಾಡಿ ಹೇಳಿದ್ದೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಆ ಶೌಚಾಲಯದ ಹಿಂದೆ ಒಂದು ಎಲ್ಸಾನ್ ಪಾಯಿಂಟ್ ಮಾಡಿಕೊಡಿ. ಅಡ್ಡಗಂಬಿ ಇಲ್ಲದ ಕಡೆಯಿಂದ ಗಾಡಿ ಒಳಗೆ ಬರುವ ಹಾಗೆ ದಾರಿ ಬಿಡಿ. ಬಜೆಟ್ ಸಭೆಗೆ ಮುಂಚೆ ಇದನ್ನು ಪಟ್ಟಿಗೆ ಸೇರಿಸಿ. ಆಗಲ್ಲ ಅನ್ನುವುದಾದರೆ ಯಾಕೆ ಆಗಲ್ಲ ಅಂತ ಬರವಣಿಗೆಯಲ್ಲಿ ಕೊಡಿ. "ನೋಡೋಣ" ಮಾತ್ರ ಇನ್ನು ಬೇಡ. ಎರಡು ವರ್ಷ ನೋಡಿದ್ದಾಯಿತು.

ಅಮ್ಮ ಜೂನ್‌ನಲ್ಲಿ ಮತ್ತೆ ಬರುತ್ತಿದ್ದಾರೆ. ಟಿಕೆಟ್ ಆಗಿದೆ. ಮೊನ್ನೆ ಫೋನಿನಲ್ಲಿ, "ಆ ಗಾಡಿಯಲ್ಲಿ ಈ ಸಲ ದೂರ ಹೋಗೋದು ಬೇಡ ಕಣೋ, ಮನೆ ಹತ್ತಿರಾನೇ ಸುತ್ತಾಡ್ಕೊಂಡು ಬರೋಣ" ಅಂದರು. ನಾನು ಏನೂ ಹೇಳಲಿಲ್ಲ. ನಿಮ್ಮಿಂದ ಒಂದು ದಿನಾಂಕ ಬಂದರೆ ಅವರಿಗೆ ಹೇಳುತ್ತೇನೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ