ಸದ್ದು ನಿಜ, ವಾಟ್ ಸುಳ್ಳು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಗ್ಯಾಜೆಟ್ ಪುಟದಲ್ಲಿ ಅಂಗೈ ಮೇಲೆ ಕೂರೋ ಮಿನಿ ಆಂಪ್ಲಿಫೈಯರ್‌ಗಳ ಬಗ್ಗೆ ಎರಡೇ ಸಾಲು ಬರೆದು, ಹುಡುಗರ ಆಟಕ್ಕೆ ಪರವಾಗಿಲ್ಲ ಅನ್ನೋ ಥರ ಮುಗಿಸಿಬಿಟ್ಟಿದ್ರಿ, ಪಕ್ಕದಲ್ಲೇ ಫೋಟೋ ಕೆಳಗೆ ದಪ್ಪ ಅಕ್ಷರದಲ್ಲಿ 100 ವಾಟ್ ಅಂತಾನೂ ಹಾಕಿದ್ರಿ. ಎರಡೂ ಉಲ್ಟಾ ಆಗಿದೆ ಸರ್. ಆಟಿಕೆ ಅಂದಿದ್ದೂ ತಪ್ಪು, 100 ವಾಟ್ ಅಂದಿದ್ದೂ ತಪ್ಪು. ಇವುಗಳ ಜೊತೆ ಎರಡು ವರ್ಷದಿಂದ ಗುದ್ದಾಡ್ತಾ ಇರೋನು ನಾನು, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗತ್ತೆ, ಬೇಕಾದಷ್ಟು ಕತ್ತರಿಸ್ಕೊಳ್ಳಿ.

ಶುರು ಆಗಿದ್ದು ನಮ್ಮ ಭಾವನಿಂದ. ಅವರ ಹತ್ರ ಹಳೇ ಕಾಲದ ದೊಡ್ಡ ಆಂಪ್ಲಿಫೈಯರ್ ಇದೆ, ಒಳಗಡೆ ಟ್ರಾನ್ಸ್‌ಫಾರ್ಮರೇ ಅರ್ಧ ತೂಕ, ಶೆಲ್ಫಿಂದ ಇಳಿಸ್ಬೇಕು ಅಂದ್ರೆ ಇಬ್ಬರು ಬೇಕು. ಒಂದಿನ ಅದರ ಎಡಗಡೆ ಚಾನೆಲ್ ಸತ್ತೋಯ್ತು. ರಿಪೇರಿ ಆಗಿ ಬರೋವರೆಗೂ ಮನೆ ಮೂಕ ಆಗಿರೋದು ಬೇಡ ಅಂತ ನಾನು ಆಟಕ್ಕೆ ತರಿಸಿಟ್ಟಿದ್ದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಬೋರ್ಡೊಂದನ್ನ ಅವರ ಸ್ಪೀಕರ್‌ಗೆ ಸಿಕ್ಕಿಸಿ ಬಂದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಅನ್ನೋ ಐಸಿ (ಅಂದ್ರೆ ಚಿಪ್), ನಾಲ್ಕು ಕಾಯಿಲ್, ಒಂದಿಷ್ಟು ಕೆಪಾಸಿಟರ್, ಒಂದು ನಾಬ್, ಅಷ್ಟೇ. ಭಾವ ಅದನ್ನ ಎರಡು ಬೆರಳಲ್ಲಿ ಎತ್ತಿ ನೋಡಿ "ಅಗ್ಗ ಸಿಕ್ತು ಅಂತ ಮುಗ್ಗಲು ಜೋಳ ತಂದ್ಯಲ್ಲೋ" ಅಂದ್ರು. ಹಾಡು ಹಾಕಿದ ಮೇಲೆ ಏನೂ ಅನ್ಲಿಲ್ಲ. ಅವರು ಏನೂ ಅನ್ಲಿಲ್ಲ ಅಂದ್ರೆ ಅದು ದೊಡ್ಡ ವಿಷಯ, ಯಾಕಂದ್ರೆ ಅವರಿಗೆ ಚೆನ್ನಾಗಿಲ್ಲ ಅನ್ಸಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತಾರೆ.

ದೊಡ್ಡದು ರಿಪೇರಿ ಆಗಿ ಬಂದ ಮೇಲೆ ಮತ್ತೆ ಅದೇ ರಾಗ, "ನೋಡು, ಇದರ ಗತ್ತೇ ಬೇರೆ". ಸರಿ ಭಾವ, ಕಣ್ಣು ಮುಚ್ಚಿ ಹೇಳಿ ಅಂದೆ. ಎರಡನ್ನೂ ಬೆಡ್‌ಶೀಟ್ ಕೆಳಗೆ ಇಟ್ಟೆ. ಇಲ್ಲಿ ಒಂದು ವಿಷಯ ಹೇಳ್ಲೇಬೇಕು, ಎರಡು ಆಂಪ್ಲಿಫೈಯರ್ ಹೋಲಿಸೋರೆಲ್ಲ ಎಡವೋದು ಇಲ್ಲೇ. ಸೌಂಡ್ ಒಂದು ಚೂರು ಜಾಸ್ತಿ ಇರೋದು ನಮ್ಮ ಕಿವಿಗೆ "ಕ್ಲಿಯರ್", "ತುಂಬಿದ ಹಾಗಿದೆ" ಅಂತ ಕೇಳತ್ತೆ, ಜಾಸ್ತಿ ಇದೆ ಅಂತ ಗೊತ್ತೇ ಆಗಲ್ಲ. ಅದಕ್ಕೆ 100 ಹರ್ಟ್ಜ್ ಟೋನ್ ಹಾಕಿ ಸ್ಪೀಕರ್ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಟ್ಟು ಎರಡರಲ್ಲೂ ಒಂದೇ ವೋಲ್ಟೇಜ್ ಬರೋವರೆಗೂ ನಾಬ್ ತಿರುಗಿಸಿ ಸರಿಮಾಡ್ದೆ (ಸಾದಾ ಮಲ್ಟಿಮೀಟರ್ ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಸುಳ್ಳು ಹೇಳತ್ತೆ, ಅದಕ್ಕೇ 100). ಮೊದಲ ಸಲ ಬದಲಾಯಿಸೋ ಸ್ವಿಚ್‌ನಲ್ಲಿ ಎರಡೂ ಸ್ಪೀಕರ್‌ಗಳ ಮೈನಸ್ ವೈರ್ ಒಂದೇ ಕಡೆ ಸೇರಿಸಿಬಿಟ್ಟಿದ್ದೆ, ಚಿಕ್ಕದು ಟಕ್ ಅಂತ ಸುಮ್ಮನಾಗೋಯ್ತು, ಭಾವ ಬೆಡ್‌ಶೀಟ್ ಆಚೆಯಿಂದ ನಗ್ತಾ ಇದ್ರು. ಸುಟ್ಟಿರ್ಲಿಲ್ಲ, ಐಸಿ ತನ್ನನ್ನ ತಾನೇ ಕಾಪಾಡ್ಕೊಂಡು ಆಫ್ ಆಗಿತ್ತು. ಈ ಥರದ ಬೋರ್ಡುಗಳಲ್ಲಿ ಸ್ಪೀಕರ್‌ನ ಪ್ಲಸ್ಸೂ ಮೈನಸ್ಸೂ ಎರಡನ್ನೂ ಐಸಿನೇ ಓಡಿಸತ್ತೆ, ಮೈನಸ್ ಅಂದ್ರೆ ಅರ್ಥ್ ಅಲ್ಲ, ಎರಡು ಚಾನೆಲ್‌ದನ್ನ ಸೇರಿಸಲೇಬಾರದು. ಎಲ್ಲಾ ಬೋರ್ಡಿನ ಅದೃಷ್ಟ ನಂದರ ಥರ ಇರಲ್ಲ. ಆಮೇಲೆ ನಾಲ್ಕೂ ವೈರ್ ಬದಲಾಯಿಸೋ ಹಾಗೆ ಮಾಡ್ಕೊಂಡು ಹತ್ತು ಸುತ್ತು ಕೇಳಿಸ್ದೆ. ಭಾವ ಸರಿಯಾಗಿ ಹೇಳಿದ್ದು ಐದು ಸಲ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. ಹತ್ತು ಸುತ್ತಿಂದ ಏನೂ ಸಾಬೀತಾಗಲ್ಲ ಅಂತ ನಂಗೂ ಗೊತ್ತು, ಆದ್ರೆ ಆಟಿಕೆ ಅನ್ನೋ ಮಾತು ನಮ್ಮನೇಲಿ ಅವತ್ತೇ ನಿಂತೋಯ್ತು.

ಇಷ್ಟು ಚಿಕ್ಕದ್ರಲ್ಲಿ ಹೇಗೆ ಸಾಧ್ಯ ಅಂತ ಕೇಳ್ಬಹುದು. ಹಳೇ ಥರದ ಆಂಪ್ಲಿಫೈಯರ್‌ನಲ್ಲಿ ಟ್ರಾನ್ಸಿಸ್ಟರ್ ಅರ್ಧ ತೆರೆದ ನಲ್ಲಿ ಇದ್ದಹಾಗೆ, ತಡೆದು ತಡೆದು ಬಿಡತ್ತೆ, ತಡೆದಿದ್ದೆಲ್ಲ ಬಿಸಿಯಾಗಿ ಹೋಗತ್ತೆ, ಆ ಬಿಸಿ ಆರಿಸೋಕೆ ಅಷ್ಟು ದೊಡ್ಡ ಅಲ್ಯೂಮಿನಿಯಂ ರೆಕ್ಕೆಗಳು. ಇವುಗಳಲ್ಲಿ ಕ್ಲಾಸ್ ಬಿ ಅನ್ನೋ ಜಾತಿ ತಾನು ತಗೊಂಡ ಪವರ್‌ನಲ್ಲಿ ಸ್ಪೀಕರ್‌ಗೆ ಕೊಡೋದು ಲೆಕ್ಕದ ಪ್ರಕಾರವೇ 78.5 ಪರ್ಸೆಂಟ್ ದಾಟಕ್ಕಾಗಲ್ಲ, ಮೆಲ್ಲಗೆ ಹಾಡು ಕೇಳುವಾಗ ಅದಕ್ಕಿಂತ ಎಷ್ಟೋ ಕಮ್ಮಿ. ಈ ಚಿಕ್ಕವು ಕ್ಲಾಸ್ ಡಿ. ಇದರಲ್ಲಿ ಟ್ರಾನ್ಸಿಸ್ಟರ್ ಒಂದೋ ಪೂರ್ತಿ ಆನ್ ಇಲ್ಲಾ ಪೂರ್ತಿ ಆಫ್, ನನ್ನ ಬೋರ್ಡಲ್ಲಿ ಸೆಕೆಂಡಿಗೆ ನಾಲ್ಕು ಲಕ್ಷ ಸಲ, ಎಷ್ಟು ಹೊತ್ತು ಆನ್ ಎಷ್ಟು ಹೊತ್ತು ಆಫ್ ಅನ್ನೋದ್ರಲ್ಲೇ ಹಾಡು ಅಡಗಿರತ್ತೆ, ಕೊನೇಲಿ ಕಾಯಿಲ್ಲೂ ಕೆಪಾಸಿಟರ್ರೂ ಆ ಪಟಪಟ ಎಲ್ಲ ಸೋಸಿ ಹಾಡನ್ನ ಮಾತ್ರ ಸ್ಪೀಕರ್‌ಗೆ ಬಿಡತ್ವೆ. ಒಂದು ಗಂಟೆ ಜೋರಾಗಿ ಹಾಡಿದ ಮೇಲೂ ಬೆರಳಿಟ್ರೆ ಬೆಚ್ಚಗಿರತ್ತೆ ಅಷ್ಟೇ. ಅಂದಹಾಗೆ ಡಿ ಅಂದ್ರೆ ಡಿಜಿಟಲ್ ಅಲ್ಲ, ಎ ಬಿ ಸಿ ಆದ್ಮೇಲೆ ಬಂದ ಅಕ್ಷರ ಅಷ್ಟೇ, ಬಾಕ್ಸ್ ಮೇಲೆ ಡಿಜಿಟಲ್ ಅಂತ ಬರೆಯೋರಿಗೆ ಯಾರಾದ್ರೂ ಹೇಳ್ಬೇಕು.

ಐಡಿಯಾ ಹೊಸದೇನಲ್ಲ. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1964ರಲ್ಲೇ ಎಕ್ಸ್-10 ಅಂತ ಕ್ಲಾಸ್ ಡಿ ಕಿಟ್ ಮಾರಿತ್ತು, ಆದ್ರೆ ಆಗಿನ ಟ್ರಾನ್ಸಿಸ್ಟರ್‌ಗಳಿಗೆ ಆ ವೇಗ ಎಲ್ಲಿ ಬರಬೇಕು, ಬಂದಿದ್ದು ಎರಡೂವರೆ ವಾಟ್. ನಿಜವಾಗ್ಲೂ ಜನರ ಕಿವಿ ನಿಮಿರಿಸಿದ್ದು ಟ್ರೈಪಾತ್ ಅನ್ನೋ ಅಮೆರಿಕದ ಕಂಪನಿಯ ಟಿಎ2020, ಟಿಎ2024 ಐಸಿಗಳು. 2000ದ ದಶಕದಲ್ಲಿ ಟಿಎ2024 ಹಾಕಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನ ದುಬಾರಿ ಸಿಸ್ಟಮ್ ಇಟ್ಕೊಂಡೋರೂ ಕದ್ದುಮುಚ್ಚಿ ತರಿಸಿ ಕೇಳಿದ್ರು. ಕಂಪನಿ 2007ರಲ್ಲಿ ದಿವಾಳಿ ಅರ್ಜಿ ಹಾಕ್ತು, ಆದ್ರೂ 2009ರಲ್ಲಿ ಎಂಜಿನಿಯರ್‌ಗಳ ಸಂಸ್ಥೆಯ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಜಗತ್ತನ್ನ ಅಲುಗಾಡಿಸಿದ 25 ಚಿಪ್‌ಗಳ ಪಟ್ಟಿ ಮಾಡ್ದಾಗ ಟಿಎ2020 ಅದರಲ್ಲಿತ್ತು. ಆಟಿಕೆಗೆ ಇಷ್ಟು ಮರ್ಯಾದೆ ಕೊಡ್ತಾರಾ?

ಇನ್ನು ಆ 100 ವಾಟ್. ಇದು ನನಗೆ ನಿಜವಾಗ್ಲೂ ಸಿಟ್ಟು ಬರಿಸೋ ವಿಷಯ. ನಾನು ತರಿಸಿದ ಎರಡನೇ ಡಬ್ಬಿ ಮೇಲೆ 50+50 ಅಂತ ಬರೆದಿತ್ತು, ಜೊತೆಗೆ ಕೊಟ್ಟಿದ್ದ ಅಡಾಪ್ಟರ್ ಮೇಲೆ 12 ವೋಲ್ಟ್ 2 ಆಂಪಿಯರ್. 12 ಗುಣಿಸು 2 ಅಂದ್ರೆ 24. ಗೋಡೆಯಿಂದ 24 ವಾಟ್ ತಗೊಂಡು ಸ್ಪೀಕರ್‌ಗೆ 100 ವಾಟ್ ಕೊಡೋ ಯಂತ್ರ ಇದ್ರೆ ಪವರ್ ಸ್ಟೇಷನ್‌ಗಳೆಲ್ಲ ಬಾಗಿಲು ಹಾಕ್ಬೋದಿತ್ತು. ಐಸಿ ಹೆಸರಿಗೆ ಮೋಸ ಇಲ್ಲ, ಟಿಪಿಎ3116 ಚಾನೆಲ್‌ಗೆ 50 ವಾಟ್ ಕೊಡತ್ತೆ, ಆದ್ರೆ 21 ವೋಲ್ಟ್ ಕೊಟ್ಟು, 4 ಓಮ್ ಸ್ಪೀಕರ್ (ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ) ಹಾಕಿ, ಶೇಕಡಾ 10ರಷ್ಟು ಡಿಸ್ಟಾರ್ಷನ್, ಅಂದ್ರೆ ಸದ್ದು ಒಡೆಯೋದನ್ನ, ಒಪ್ಕೊಂಡ್ರೆ. ಆ 10 ಪರ್ಸೆಂಟ್ ಹೇಗಿರತ್ತೆ ಅಂದ್ರೆ, ಜಾತ್ರೆ ಮೈಕ್ ಗಂಟಲು ಹರಿದುಕೊಂಡ ಹಾಗೆ. 12 ವೋಲ್ಟ್‌ನಲ್ಲಿ ಒಡೆಯದೇ ಬರೋ ಸದ್ದು 8 ಓಮ್‌ಗೆ ಹೆಚ್ಚಂದ್ರೆ 9 ವಾಟ್, 4 ಓಮ್‌ಗೆ 18, ಒಳಗೆ ವೋಲ್ಟೇಜ್ ಏರಿಸೋ ಸರ್ಕ್ಯೂಟ್ ಇಲ್ದಿದ್ರೆ ಇದು ಯಾವ ಬ್ರ್ಯಾಂಡ್ ಆದ್ರೂ ಅಷ್ಟೇ, ವೋಲ್ಟೇಜ್ ಮೀರಿ ಯಾರೂ ಹೋಗಕ್ಕಾಗಲ್ಲ. ಫೋನ್ ಚಾರ್ಜರ್‌ನಲ್ಲೇ ಓಡೋ ಇನ್ನೂ ಪುಟ್ಟ ಪಿಎಎಂ8403 ಬೋರ್ಡ್ 5 ವೋಲ್ಟ್‌ಗೆ ಚಾನೆಲ್‌ಗೆ 3 ವಾಟ್ ಕೊಡತ್ತೆ, ಅದೂ 4 ಓಮ್‌ಗೆ, ಅದೇ 10 ಪರ್ಸೆಂಟ್ ಕಂಡೀಷನ್ ಮೇಲೆ.

ತಮಾಷೆ ಏನಂದ್ರೆ ಆ 9 ವಾಟೇ ಸಾಕು. ನಾವು ದಿನಾ ಕೇಳೋ ವಾಲ್ಯೂಮಲ್ಲೇ ನಾಬ್ ಬಿಟ್ಟು ಅಳೆದೆ, 8 ಓಮ್ ಸ್ಪೀಕರ್ ಮೇಲೆ 1 ವೋಲ್ಟ್ ಆಸುಪಾಸು, ಅಂದ್ರೆ ಒಂದು ವಾಟಿನ ಎಂಟನೇ ಒಂದು ಭಾಗ. ಮೃದಂಗದ ಒಂದು ಪೆಟ್ಟು ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ಮೇಲೆ ಹಾರ್ಲಿ, ಆಗ್ಲೂ ಎರಡೂವರೆ ವಾಟ್. ವಾಟ್ ಎರಡು ಪಟ್ಟು ಮಾಡಿದ್ರೆ ಸೌಂಡ್ ಏರೋದು 3 ಡೆಸಿಬೆಲ್, ಕಿವಿಗೆ ಸ್ವಲ್ಪ ಜೋರಾಯ್ತು ಅನ್ಸೋವಷ್ಟೇ. ನಿಜಾನೇ ಇಷ್ಟು ಚೆನ್ನಾಗಿರುವಾಗ ಇವರಿಗೆ ಸುಳ್ಳು ಯಾಕೆ ಬೇಕು ಅಂತ ನಂಗೆ ಅರ್ಥಾನೇ ಆಗಲ್ಲ, 9 ವಾಟ್ ಅಂತ ಬರೆದು ಮಾರೋ ಪ್ರಾಮಾಣಿಕನ ಡಬ್ಬಿ ಪಕ್ಕದ 100ರ ಡಬ್ಬಿ ಎದುರು ಸೋತುಹೋಗತ್ತೆ ಅಂತ ಇರ್ಬೇಕು.

ಕೊರತೆ ಇಲ್ಲವಾ, ಇದೆ. ದುಡ್ಡು ಉಳಿಸಿರೋದು ಐಸಿಯಲ್ಲಿ ಅಲ್ಲ, ಅದರ ಸುತ್ತ ಇರೋದ್ರಲ್ಲಿ. ನಾಬ್ ತೀರಾ ಕೆಳಗಿಟ್ರೆ ಎಡಗಡೆ ಮಾತ್ರ ಹಾಡತ್ತೆ, ಇನ್ನೊಂಚೂರು ತಿರುಗಿಸಿದ್ರೆ ಬಲಗಡೆಯೂ ಎದ್ದೇಳತ್ತೆ, ವರ್ಷ ಆದ್ಮೇಲೆ ಕರಕರ. ಆನ್ ಮಾಡ್ದಾಗ ಧಡ್ ಅಂತ ಒಂದು ಸದ್ದು. ಫೋನು ಮತ್ತೆ ಆಂಪ್ಲಿಫೈಯರ್ ಎರಡಕ್ಕೂ ಒಂದೇ ಚಾರ್ಜರ್ ಹಾಕಿದ್ರೆ ಹಾಡಿನ ಹಿಂದೆ ಸೊಳ್ಳೆ ಥರ ಒಂದು ಕುಂಯ್ ಅನ್ನೋದು ಸೇರ್ಕೊಳತ್ತೆ, ಬೇರೆ ಬೇರೆ ಚಾರ್ಜರ್ ಹಾಕಿದ್ರೆ ಹೋಗತ್ತೆ. 24 ವೋಲ್ಟ್‌ಗೆ ಓಡತ್ತೆ ಅಂತ ಮಾರಿದ ಬೋರ್ಡಲ್ಲಿ 25 ವೋಲ್ಟಿನ ಕೆಪಾಸಿಟರ್ ಇರತ್ತೆ, ನಾನಂತೂ 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ದಾಟಲ್ಲ. ಔಟ್‌ಪುಟ್ ಕಾಯಿಲ್‌ಗಳನ್ನ ಒಂದು ಓಮ್‌ಗೆ ಲೆಕ್ಕ ಹಾಕಿರ್ತಾರೆ, ಬೇರೆ ಓಮಿನ ಸ್ಪೀಕರ್ ಹಾಕಿದ್ರೆ ತೀರಾ ಮೇಲಿನ ಸ್ವರಗಳು ಸ್ವಲ್ಪ ಏರುಪೇರಾಗತ್ವೆ, ಭಾವನ ವಯಸ್ಸಿನ ಕಿವಿಗೆ ಅದು ಗೊತ್ತಾಗಲ್ಲ ಅಂತ ಅವರ ಮುಂದೆ ಹೇಳೋಕೆ ಹೋಗ್ಬೇಡಿ.

ಹಾಗಾಗಿ ನನ್ನ ಕೋರಿಕೆ ಒಂದೇ. ಮುಂದಿನ ಸಲ ಆಂಪ್ಲಿಫೈಯರ್ ಬಗ್ಗೆ ಬರೆಯುವಾಗ ಕಂಪನಿ ಕಳಿಸಿದ ವಾಟ್ ಅನ್ನ ಹಾಗೇ ಅಚ್ಚು ಹಾಕ್ಬೇಡಿ. ಎಷ್ಟು ವೋಲ್ಟ್‌ಗೆ, ಎಷ್ಟು ಓಮ್‌ಗೆ, ಎಷ್ಟು ಪರ್ಸೆಂಟ್ ಡಿಸ್ಟಾರ್ಷನ್‌ಗೆ ಅಂತ ಕೇಳಿ, ಉತ್ತರ ಬರ್ಲಿಲ್ಲ ಅಂದ್ರೆ ಅಡಾಪ್ಟರ್ ಮೇಲಿರೋ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ಆ ನಂಬರ್ ಹಾಕಿ. ಆಮೇಲೆ ನಿಮ್ಮ ವರದಿಗಾರರು ಆ ಡಬ್ಬಿಯನ್ನ ಒಂದು ಒಳ್ಳೆ ಸ್ಪೀಕರ್‌ಗೆ ಹಾಕಿ ಒಂದು ಸಂಜೆ ಕೇಳ್ಲಿ. ಬೆಡ್‌ಶೀಟ್ ಬೇಕಿದ್ರೆ ನಾನೇ ತರ್ತೀನಿ.

ಇಂತಿ,
ನಿಮ್ಮ ಓದುಗ