ಪೇಶೆಂಟ್‌ನ ಕರ್ಕೊಂಡು ಬನ್ನಿ ಅಂತಾರೆ, ಹೆಂಗೆ ಅಂತ ಹೇಳಲ್ಲ

ಮಾನ್ಯ ಸಂಪಾದಕರೇ,

ಮಾನಸಿಕ ಆರೋಗ್ಯದ ಬಗ್ಗೆ ಈಗ ಎಲ್ರೂ ಮಾತಾಡ್ತಾರೆ, ಸ್ಟ್ರೆಸ್ಸು, ಡಿಪ್ರೆಶನ್ನು, ಆಫೀಸ್ ಟೆನ್ಶನ್ನು ಅಂತ, ಒಳ್ಳೇದೇ. ಆದ್ರೆ ಸ್ಕಿಜೋಫ್ರೇನಿಯಾ, ಬೈಪೋಲಾರ್ ಥರದ ದೊಡ್ಡ ಕಾಯಿಲೆ ಇರೋರ ಮನೆ ಕಡೆ ಯಾರೂ ತಿರುಗಿ ನೋಡಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಗ್ಗೆ ನಂದು ತಕರಾರಿಲ್ಲ, ಮೊದ್ಲೇ ಹೇಳ್ಬಿಡ್ತೀನಿ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯೋರನ್ನ ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿ ಕಟ್ಟಿದ್ರಿಂದ ಓಡೋಕೂ ಆಗ್ದೆ 28 ಜನ ಸತ್ತೋದ್ರಲ್ಲ, ಅದಾದ್ಮೇಲೆ ಯಾರನ್ನೂ ಸರಪಳೀಲಿ ಕಟ್ಟಂಗಿಲ್ಲ, ಅನಸ್ತೇಶಿಯಾ ಇಲ್ದೆ ಚಿಕಿತ್ಸೆ ಅಂತ ತಲೆಗೆ ಕರೆಂಟ್ ಕೊಡಂಗಿಲ್ಲ ಅಂತ ಕಾನೂನು ಬರ್ಲೇಬೇಕಿತ್ತು, ಬಂತು.

ತೊಂದ್ರೆ ಇರೋದು ಆಸ್ಪತ್ರೆ ಗೇಟಿಂದ ಈಚೆ. ಪೇಶೆಂಟ್ ಒಪ್ಪದೇ ಇದ್ದಾಗ ಅಡ್ಮಿಟ್ ಮಾಡ್ಕೊಳ್ಳೋಕೆ 89ನೇ ಸೆಕ್ಷನ್ ಇದೆ, ಒಬ್ರು ಮನೋವೈದ್ಯರು, ಜೊತೆಗೆ ಇನ್ನೊಬ್ರು ಡಾಕ್ಟ್ರೋ ತಜ್ಞರೋ, ಇಬ್ರೂ ಬೇರೆ ಬೇರೆ ಪರೀಕ್ಷೆ ಮಾಡಿ ಒಪ್ಪಿದ್ರೆ 30 ದಿನದ ತನಕ ಇಟ್ಕೋಬೋದು. ಸರಿ, ಆದ್ರೆ ಪರೀಕ್ಷೆ ಮಾಡೋರ ಮುಂದೆ ಅವನನ್ನ ಕೂರಿಸೋದು ಯಾರು? ನಮ್ಮ ಚಿಕ್ಕಪ್ಪನ ಮಗ ಮಾತ್ರೆ ಬಿಟ್ಟಾಗ ನೀರಿನ ಲೋಟಾನ ಬೆಳಕಿಗೆ ಹಿಡಿದು ಹಿಡಿದು ನೋಡ್ತಿದ್ದ, ವಿಷ ಹಾಕಿದೀವಿ ಅಂತ. ಸ್ವಿಚ್ ಬೋರ್ಡಿಗೆಲ್ಲ ಪೇಪರ್ ಅಂಟಿಸಿದ್ದ. ನಂಗೇನಾಗಿದೆ, ನಿಮ್ಗೇ ತಲೆ ಕೆಟ್ಟಿರೋದು ಅಂತಿದ್ದ, ಆ ಕಾಯಿಲೆ ಲಕ್ಷಣಾನೇ ಅದು, ಹಠ ಅಲ್ಲ. ಆಸ್ಪತ್ರೆಗೆ ಫೋನ್ ಮಾಡಿದ್ರೆ ಪೇಶೆಂಟ್‌ನ ಕರ್ಕೊಂಡು ಬನ್ನಿ ಅಂದ್ರು, ಸ್ಟೇಷನ್ನಲ್ಲಿ ಯಾರಿಗಾದ್ರೂ ಹೊಡೆದಿದಾನಾ, ಹೊಡೆದ್ರೆ ಹೇಳಿ ಅಂದ್ರು. ಅಂದ್ರೆ ಚಿಕ್ಕಮ್ಮನ ತಲೆ ಒಡೆಯೋ ತನಕ ಕಾಯ್ಬೇಕು ಅಂತ ಅರ್ಥ ತಾನೇ?

ತಮಾಷೆ ಏನ್ ಗೊತ್ತಾ, ಅದೇ ಕಾಯ್ದೆಯ 94ನೇ ಸೆಕ್ಷನ್ನಲ್ಲಿ ಪ್ರಾಣಕ್ಕೆ ಅಪಾಯ ಇರೋವಂಥ ತುರ್ತು ಸಂದರ್ಭದಲ್ಲಿ ಯಾವ ರಿಜಿಸ್ಟರ್ಡ್ ಡಾಕ್ಟ್ರು ಬೇಕಾದ್ರೂ ಆಸ್ಪತ್ರೆ ಹೊರಗೇ 72 ಗಂಟೆ ತನಕ ಚಿಕಿತ್ಸೆ ಕೊಡ್ಬೋದು ಅಂತಿದೆ. ಮನೇಲೇ ಪುನರ್ವಸತಿ, ಹಾಫ್‌ವೇ ಹೋಮ್ (ಆಸ್ಪತ್ರೆಯಿಂದ ಬಂದೋರು ತಮ್ಮ ಕಾಲ ಮೇಲೆ ನಿಲ್ಲೋ ತನಕ ಇರೋ ಮನೆ) ಎಲ್ಲ ಸರ್ಕಾರ ಒದಗಿಸ್ಬೇಕು ಅಂತ 18ನೇ ಸೆಕ್ಷನ್ ಹೇಳುತ್ತೆ. ನಾವು ಸಿಕ್ಕಿದವ್ರನ್ನೆಲ್ಲ ಕೇಳ್ದಾಗ ಒಬ್ರೂ ಇದನ್ನ ಬಾಯಿ ಬಿಟ್ಟು ಹೇಳ್ಲಿಲ್ಲ.

2022ರಲ್ಲಿ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಹೆಲ್ಪ್‌ಲೈನ್ ಬಂತು, ನಂಬರ್ 14416. ಮಾತಾಡೋ ಸ್ಥಿತೀಲಿ ಇರೋರಿಗೆ ಉಪಯೋಗ ಇದೆ, ಮನೆಯೋರಿಗೂ ಸಲಹೆ ಸಿಗುತ್ತೆ, ಆದ್ರೆ ನನ್ನ ಫೋನ್ ಕದ್ದು ಕೇಳ್ತಿದಾರೆ ಅಂತ ಸಿಮ್ಮೇ ಮುರಿದು ಬಿಸಾಕಿರೋನು ಹೆಲ್ಪ್‌ಲೈನಿಗೆ ಕಾಲ್ ಮಾಡ್ತಾನಾ?

ಟಿಬಿ ಮಾತ್ರೆ ನುಂಗಿದ್ರಾ ಅಂತ ಆಶಾ ಕಾರ್ಯಕರ್ತೆಯರು ಮನೆ ಬಾಗ್ಲಿಗೆ ಬಂದು ಕೇಳ್ತಾರೆ. ಇದಕ್ಕೂ ಹಂಗೇ ತಾಲೂಕಿಗೊಂದು ಟೀಮ್ ಮಾಡಿ, ಒಬ್ರು ನರ್ಸು, ಒಬ್ರು ಸೋಶಿಯಲ್ ವರ್ಕರ್ರು, ಹಿಂದೆ ಒಬ್ಬ ಮನೋವೈದ್ಯರು ಇದ್ರೆ ಸಾಕು. ನಾಲ್ಕು ಸಲ ಬಂದು ಮುಖ ಪರಿಚಯ ಆದ್ರೆ ಎಷ್ಟೋ ಜನ ತಾವಾಗೇ ಒಪ್ತಾರೆ, ಪೊಲೀಸ್ ಜೀಪ್ ಬಂದ್ರೆ ಒಪ್ತಾರಾ? ಎರಡರಿಂದ ನಾಲ್ಕು ವಾರಕ್ಕೊಂದು ಸಲ ಕೊಡೋ ಡೆಪೋ ಇಂಜೆಕ್ಷನ್ ಇದೆ, ದಿನಾ ಮಾತ್ರೆಗೆ ಜಗಳ ಆಡೋದು ತಪ್ಪುತ್ತೆ, ಆದ್ರೆ ದೂರದಿಂದ ಬಸ್ಸಲ್ಲಿ ಬಂದೋರಿಗೆ ಸ್ಟಾಕಿಲ್ಲ ಮುಂದಿನ ವಾರ ಬನ್ನಿ ಅಂದ್ರೆ ಆ ಮುಂದಿನ ವಾರದೊಳಗೆ ಕಾಯಿಲೆ ಕೆರಳುತ್ತೆ. ಇದೇನು ಆಗದ ಮಾತಲ್ಲ, 1980ರ ದಶಕದಲ್ಲೇ ನಿಮ್ಹಾನ್ಸ್‌ನೋರು ಬಳ್ಳಾರೀಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರುಗಳಿಗೆ ಟ್ರೇನಿಂಗ್ ಕೊಟ್ಟು ಮಾಡಿ ತೋರಿಸಿದ್ರು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಇನ್ನೊಂದು, ಡಿಸ್ಚಾರ್ಜ್ ಮಾಡುವಾಗ ಮುಂದೆ ನೋಡ್ಕೊಳ್ಳೋ ಡಾಕ್ಟ್ರು ಯಾರು ಅಂತ ಪ್ಲಾನ್ ಮಾಡಿ ಕಳಿಸ್ಬೇಕು ಅಂತ 98ನೇ ಸೆಕ್ಷನ್. ನಮ್ಮ ಕೈಗೆ ಬಂದಿದ್ದು ಒಂದು ಚೀಟಿ, ಹದಿನೈದು ದಿನದ ಮಾತ್ರೆ ಅಷ್ಟೇ. ಚಿಕ್ಕಮ್ಮನಿಗೂ ವಯಸ್ಸಾಯ್ತು, ಅವ್ರ ನಂತ್ರ ಅವನು ಎಲ್ಲಿರ್ಬೇಕು? ಎಷ್ಟು ತಾಲೂಕಲ್ಲಿ ಮನೆಗೆ ಬರೋ ಟೀಮ್ ಇದೆ, ಎಷ್ಟು ಜಿಲ್ಲೇಲಿ ಹಾಫ್‌ವೇ ಹೋಮ್ ಇದೆ, ಆರೋಗ್ಯ ಇಲಾಖೆಯೋರು ನಿಮ್ಮ ಪತ್ರಿಕೇಲೇ ಜಿಲ್ಲಾವಾರು ಹೇಳ್ಲಿ.

ಇತಿ,
ಒಬ್ಬ ಓದುಗ