ಗೆಳೆಯನಿಗೊಂದು ಪತ್ರ: ಆ ಕರಿ ಹಾರ್ಡ್‌ಡಿಸ್ಕ್ ಇನ್ನೂ ಉಸಿರಾಡ್ತಿದೆಯಾ?

ಪ್ರೀತಿಯ ಹಬ್ ಆಪರೇಟರ್ ಮಹಾಶಯ,

ಹಾಸ್ಟೆಲಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸಿ, ಒಬ್ಬರ ಹಾಡು ಇನ್ನೊಬ್ಬರಿಗೆ ಪುಕ್ಕಟೆ ಹಂಚುವ ‘ಹಬ್’ ನಡೆಸಿದವನಲ್ಲವಾ ನೀನು, ಅದಕ್ಕೇ ಈ ಬಿರುದು. ವಾಟ್ಸ್‌ಆ್ಯಪಿನಲ್ಲಿ ಎರಡು ಸಾಲು ಗೀಚಿದ್ದರೆ ಆಗುತ್ತಿದ್ದ ಕೆಲಸ. ಆದರೆ ಅಲ್ಲಿ ಕೇಳಿದರೆ ನೀನು ‘ನೋಡ್ತೀನಿ’ ಅಂತೀಯ, ಆಮೇಲೆ ಬ್ರಹ್ಮ ಬಂದರೂ ನೋಡಲ್ಲ. ಇಲ್ಲಾದರೆ ನಾಲ್ಕು ಜನ ಸಾಕ್ಷಿ ಇರುತ್ತಾರೆ. ನೀನು ಜರ್ಮನಿಗೆ ಹೊತ್ತುಕೊಂಡು ಹೋದ ಹಾರ್ಡ್‌ಡಿಸ್ಕಿನಲ್ಲಿ, ‘ಹೊಸ ಫೋಲ್ಡರ್ (3)’ ಒಳಗೆ, ನಿಮ್ಮ ಸೋದರಮಾವನ ಹತ್ತಿರ ಇದ್ದ ಆ ಭಾವಗೀತೆ ಕ್ಯಾಸೆಟ್ ಇರಬೇಕು. ನನ್ನ ಹತ್ತಿರ ಉಳಿದಿರೋದು ಎ ಸೈಡ್ ಮಾತ್ರ. ಬಿ ಸೈಡ್ ಬೇಕು.

ಯಾಕೆ ಅಂತ ಕೇಳು. ಮೊನ್ನೆ ಬಸವನಗುಡಿಯಲ್ಲಿ ಒಂದು ಕಾರ್ಯಕ್ರಮ. ಆ ಕ್ಯಾಸೆಟ್ಟಿನಲ್ಲಿ ಹಾಡಿದವರೇ ಬಂದಿದ್ದರು, ಸನ್ಮಾನಕ್ಕೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಆಯ್ತು. ನಾನು ಹೋಗಿ ಕಾಲಿಗೆರಗಿ, ನಿಮ್ಮ ಹಾಡು ಕೇಳಿಕೊಂಡೇ ಎಂಜಿನಿಯರಿಂಗ್ ಮುಗಿಸಿದೆ ಅಂದೆ. ನಂಬಲಿಲ್ಲ ಅನಿಸಿತು, ಅಲ್ಲೇ ನಾಲ್ಕನೇ ಹಾಡು ಗುನುಗಿದೆ. ಅವರು ನಕ್ಕು, ‘ಒಂದು ಸಾಲು ಬಿಟ್ರಲ್ಲ’ ಅಂದರು.

ಕಣೋ, ಆ ಸಾಲು ನನಗೆ ಗೊತ್ತೇ ಇಲ್ಲ! ನೀನು ಟೇಪ್‌ರೆಕಾರ್ಡರ್‌ನಿಂದ ಕಂಪ್ಯೂಟರಿಗೆ ವೈರ್ ಎಳೆದು ತುಂಬಿಸುವಾಗ ಎರಡನೇ ಚರಣದಲ್ಲಿ ಕರೆಂಟ್ ಹೋಯ್ತಲ್ಲ, ಅಲ್ಲಿಂದ ಹಾರಿ ಮುಂದಕ್ಕೆ ಅಂಟಿಸಿದೆಯಲ್ಲ, ಅದೇ ಹಾಡನ್ನು ಇಷ್ಟು ವರ್ಷ ಪೂರ್ತಿ ಅಂದುಕೊಂಡಿದ್ದೇನೆ. ಮಗಳಿಗೂ ಹಾಗೇ ಕಲಿಸಿದ್ದೇನೆ.

ಆಮೇಲೆ ಅವರು ಕೇಳಿದರು: ‘ಆ ಕ್ಯಾಸೆಟ್ ನಿಮ್ಮತ್ರ ಇದೆಯಾ? ನನ್ನತ್ರಾನೇ ಇಲ್ಲ.’ ಹೊರತಂದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತಂತೆ. ಮಾಸ್ಟರ್ ಟೇಪ್ ಯಾರ ಅಟ್ಟದಲ್ಲಿ ಬೂಸ್ಟು ಹಿಡಿದಿದೆಯೋ. ತಮ್ಮ ಪಾಲಿನ ಪ್ರತಿಗಳನ್ನು ನೆಂಟರಿಗೆ ಹಂಚಿ ಕೈ ಖಾಲಿ ಮಾಡಿಕೊಂಡಿದ್ದಾರೆ.

ನಮ್ಮ ಹಳೇ ಜಗಳ ನೆನಪಾಯಿತು. ನಾವು ಕಳ್ಳರಾ ಅಲ್ಲವಾ? ಆಗ ನಿನ್ನ ವಾದ: ‘ನಾವೇನು ಹೇಗೂ ಕೊಳ್ಳುತ್ತಿರಲಿಲ್ಲ, ಅವರಿಗೇನು ನಷ್ಟ?’ ಮೆಸ್ ಬಿಲ್ ಬಾಕಿ ಇಟ್ಟವನ ಬಾಯಲ್ಲಿ ಚೆನ್ನಾಗಿತ್ತು. ಆದರೆ ನಿನಗೆ ಇಬ್ಬರು ಅರ್ಥಶಾಸ್ತ್ರಜ್ಞರ ಬೆಂಬಲ ಇದೆ, ಗೊತ್ತಾ? ಓಬರ್‌ಹೋಲ್ಜರ್-ಗೀ ಮತ್ತು ಸ್ಟ್ರಂಫ್ 2007ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದಲ್ಲಿ 2002ರ ಕೊನೆಯ ತಿಂಗಳುಗಳ ಡೌನ್‌ಲೋಡ್‌ಗಳನ್ನು 680 ಆಲ್ಬಂಗಳ ಮಾರಾಟದ ಪಕ್ಕ ಇಟ್ಟು ನೋಡಿದರು. ಜನಪ್ರಿಯ ಆಲ್ಬಂ ಹೆಚ್ಚು ಕದಿಯಲ್ಪಡುತ್ತದೆ, ಹೆಚ್ಚು ಮಾರಾಟವೂ ಆಗುತ್ತದೆ, ಹಾಗಾಗಿ ಯಾವುದರಿಂದ ಯಾವುದು ಅಂತ ಬಿಡಿಸೋದು ಕಷ್ಟ. ಅದಕ್ಕೆ ಅವರು ಹಿಡಿದ ದಾರಿ ನಿನ್ನ ಜರ್ಮನಿಯ ಶಾಲಾ ರಜೆ! ಅಲ್ಲಿನ ಹುಡುಗರು ಮನೆಯಲ್ಲಿದ್ದು ಕಂಪ್ಯೂಟರ್ ಆನ್ ಮಾಡಿದಷ್ಟೂ ಹಂಚಿಕೆಗೆ ಹೆಚ್ಚು ಫೈಲ್, ಅಮೆರಿಕದವನಿಗೆ ಡೌನ್‌ಲೋಡ್ ಸಲೀಸು. ಆ ವಾರಗಳಲ್ಲಿ ಮಾರಾಟ ಕುಸಿಯಿತಾ ನೋಡಿದರೆ, ಲೆಕ್ಕಕ್ಕೆ ಸಿಗುವಷ್ಟು ಪರಿಣಾಮವೇ ಇಲ್ಲ ಅಂದರು. ನಿನ್ನ ಮಗಳಿಗೆ ರಜೆ ಬಂದಾಗ ಇದನ್ನು ಹೇಳು.

ಪೂರ್ತಿ ಬೀಗಬೇಡ. ಲೀಬೋವಿಟ್ಜ್ ಎಂಬ ಇನ್ನೊಬ್ಬರು ಆ ಲೆಕ್ಕವನ್ನು ಹಿಂಜಿ ಹಾಕಿದರು. ನಂತರದ ಅಧ್ಯಯನಗಳೂ ಹೆಚ್ಚಾಗಿ ‘ನಷ್ಟ ಆಗಿದೆ’ ಎನ್ನುವ ಕಡೆಗೇ. ಇಂಟರ್‌ನೆಟ್ಟಿನಲ್ಲಿ ಹಾಡು ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಹುಟ್ಟಿದ 1999ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮದ ಆದಾಯ ಸುಮಾರು 1,460 ಕೋಟಿ ಡಾಲರ್ ಇದ್ದದ್ದು 2014ಕ್ಕೆ ಅರ್ಧಕ್ಕಿಂತ ಕೆಳಗೆ. ಎಲ್ಲವೂ ನಿನ್ನಂಥವರಿಂದಲೇ ಅಲ್ಲ. ಇಡೀ ಆಲ್ಬಂ ಬಿಟ್ಟು ಒಂದೇ ಹಾಡು ಕೊಳ್ಳುವ ಕಾಲವೂ ನಡುವೆ ಬಂತು.

ನಮ್ಮೂರ ಕಥೆ ಬೇರೆಯೇ ಬಿಡು. ಇಲ್ಲಿ ಫೈಲ್ ಬರುವ ಮುಂಚೆಯೇ, ಹಾಡಿನ ಪಟ್ಟಿ ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಅಂಗಡಿ ಬೀದಿಗೊಂದಿತ್ತು. ಹಾಗಂತ ಕೊಳ್ಳುವವರು ಇರಲಿಲ್ಲ ಅಂತಲ್ಲ. 1978ರ ‘ನಿತ್ಯೋತ್ಸವ’ದಿಂದ ಶುರುವಾಗಿ, ಕವಿತೆಯನ್ನು ದುಡ್ಡು ಕೊಟ್ಟು ಕ್ಯಾಸೆಟ್ಟಿನಲ್ಲಿ ಮನೆಗೆ ತರುವ ಚಟ ಕನ್ನಡಿಗರಿಗೆ ಹತ್ತಿತ್ತು. ನಮ್ಮಪ್ಪ ಪ್ರತಿ ಕ್ಯಾಸೆಟ್ಟಿನ ಒಳಕಾಗದದ ಮೇಲೆ ಹೆಸರು, ತಾರೀಕು ಬರೆದಿಡುತ್ತಿದ್ದರು. ಆ ರೂಢಿ ನನ್ನ ಕಾಲಕ್ಕೆ ನಿಂತಿತು.

ಬಸವನಗುಡಿಯ ಆ ಹಿರಿಯ ಗಾಯಕರನ್ನು ಅಳುಕುತ್ತಲೇ ಕೇಳಿದೆ, ಆ ಕ್ಯಾಸೆಟ್ಟಿನಿಂದ ನಿಮಗೇನು ಬಂತು ಅಂತ. ಒಂದು ಸಲ ಕವರ್ ಕೊಟ್ಟರಂತೆ, ಮುಗೀತು. ರಾಯಲ್ಟಿ ಎಂಬ ಮಾತೇ ಬರಲಿಲ್ಲವಂತೆ. ಕವಿಯ, ಸಂಯೋಜಕನ ರಾಯಲ್ಟಿ ಹಕ್ಕನ್ನು ಕಂಪನಿ ತನ್ನ ಹೆಸರಿಗೆ ಬರೆಸಿಕೊಳ್ಳಲಾಗದಂತೆ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದದ್ದೇ 2012ರಲ್ಲಿ. ಅಂದರೆ ನಾವು ಕೈ ಹಾಕಿದ ಜೇಬು ಅವರದಲ್ಲ. ನಿರಾಳ ಆಗಬೇಕಿತ್ತು. ಆಗಲಿಲ್ಲ.

ಯಾಕೆಂದರೆ ಅವರು ‘ಒಂದು ಕಾಪಿ ಕೊಡ್ತೀರಾ’ ಅಂದ ಕ್ಷಣ ನನ್ನೊಳಗೆ ಖುಷಿ ಏಳಲಿಲ್ಲ, ಏನೋ ಕಸಿವಿಸಿ. ಕೊಟ್ಟರೆ ಅವರ ಮೊಮ್ಮಗ ಸಂಜೆಯೊಳಗೆ ಯೂಟ್ಯೂಬಿಗೆ ಹಾಕುತ್ತಾನೆ. ಆಮೇಲೆ ಅದು ಎಲ್ಲರದು. ‘ಇದು ನನ್ನತ್ರ ಮಾತ್ರ ಇದೆ’ ಎನ್ನುವ ಗತ್ತು ಹೋಯ್ತು. ಊರವರದ್ದನ್ನೆಲ್ಲ ಪುಕ್ಕಟೆ ಬಾಚಿಕೊಂಡ ನಾನು, ಹಾಡಿದವರಿಗೇ ಅವರ ದನಿ ಕೊಡಲು ಹಿಂದೆಮುಂದೆ ನೋಡಿದೆ. ‘ಹುಡುಕ್ತೀನಿ ಸಾರ್’ ಅಂದೆ. ನಿನ್ನ ‘ನೋಡ್ತೀನಿ’ಯ ತಮ್ಮ ಅದು. ಎಪ್ಪತ್ತು ದಾಟಿದವರ ಮುಂದೆ ಕಣೋ.

ರಾತ್ರಿ ನನ್ನ ಡಿಸ್ಕ್ ತೆರೆದು ಕೂತೆ. ಸಾವಿರಗಟ್ಟಲೆ ಹಾಡು, ಮುಕ್ಕಾಲು ಪಾಲು ಒಮ್ಮೆಯೂ ಕೇಳಿಲ್ಲ. ನನಗೆ ಹಾಡು ಬೇಕಿತ್ತೋ, ನಿಮ್ಮ ಮಧ್ಯೆ ‘ಇವನತ್ರ ಎಲ್ಲ ಸಿಗುತ್ತೆ’ ಅನ್ನಿಸಿಕೊಳ್ಳೋದು ಬೇಕಿತ್ತೋ? ನೀವು ನನ್ನ ರೂಮಿಗೆ ಬರುತ್ತಿದ್ದದ್ದೇ ಅದಕ್ಕೆ ಅಂತ ಒಳಗೊಳಗೆ ಗೊತ್ತಿತ್ತು ಅನಿಸುತ್ತೆ. ಈಗ ಎಲ್ಲರ ಫೋನಿನಲ್ಲೂ ಎಲ್ಲ ಸಿಗುತ್ತೆ. ನನ್ನನ್ನು ಯಾರೂ ಏನೂ ಕೇಳಲ್ಲ.

ಸರಿ, ಸಾಕು.

ಎ ಸೈಡ್ ನಿನ್ನೆ ಅವರ ಮನೆಗೆ ಪೆನ್‌ಡ್ರೈವಿನಲ್ಲಿ ಕೊಟ್ಟು ಬಂದೆ, ಕರೆಂಟ್ ಹೋದ ಜಾಗ ಸಮೇತ. ಒಳ್ಳೇ ಕಾಫಿ ಸಿಕ್ಕಿತು. ಬಿ ಸೈಡ್ ಭಾನುವಾರದೊಳಗೆ ಕಳಿಸು. ‘ಡಿಸ್ಕ್ ಕ್ರ್ಯಾಶ್ ಆಯ್ತು’ ಅಂದರೆ ನಂಬಲ್ಲ. ಹಬ್‌ಗೆ ಸೇರಬೇಕಾದರೆ ಹಂಚಲು ಹತ್ತು ಜಿಬಿ ಫೈಲ್ ಇದೆ ಅಂತ ತೋರಿಸಬೇಕು ಅಂದಾಗ ವಿಂಡೋಸ್ ಫೋಲ್ಡರನ್ನು ‘ಕರ್ನಾಟಿಕ್ ವೋಕಲ್’ ಅಂತ ಹೆಸರಿಟ್ಟು ಹಂಚಿದವನು ಯಾರು ಅಂತ ಕೆಳಗೆ ಕಾಮೆಂಟಿನಲ್ಲಿ ಬರೆಯಲು ನನಗೆ ಒಂದು ನಿಮಿಷ ಸಾಕು.

ಇಂತಿ ನಿನ್ನ,
ರೂಮ್ ನಂಬರ್ ಹೇಳಲ್ಲ